ಒಡೆಯನಿಲ್ಲದ ಕಂಪ್ಯೂಟರ್

"ಬರೀತಿಲ್ಲ! ನಾನು ಕುಟ್ತಾನೇ ಇದೀನಿ, ಇದು ಬರೀತಾನೇ ಇಲ್ಲ!"

ಅಗಸ್ತಿಯವರ ತೋರುಬೆರಳು ಸುತ್ತಿಗೆಯಂತೆ ಮೇಲೆದ್ದು ಲ್ಯಾಪ್‌ಟಾಪಿನ ಮೇಲೆ ಇಳಿಯಿತು. ಊಟದ ಮೇಜು ನಡುಗಿತು. ಕಪ್ಪು ಕಾಫಿ ಲೋಟದಿಂದ ಹಾರಿ ಮೇಜುಬಟ್ಟೆಗೆ ಬಿತ್ತು. ಪರದೆಯಲ್ಲಿ ಮಾತ್ರ ಒಂದು ಚುಕ್ಕೆಯೂ ಮೂಡಲಿಲ್ಲ.

"ಬರೀತಿದೆ ಚಾಚ್ಚ. ಕಾಣಿಸೋದಿಲ್ಲ, ಅಷ್ಟೇ," ಎಂದ ಸಿಬಿ. ಅವನು ಗೋಡೆಗೆ ಮುಖ ಮಾಡಿ ನಿಂತಿದ್ದ. ಮಾವ ಪಾಸ್‌ವರ್ಡ್ ಒತ್ತುವಾಗ ಅಳಿಯ ನೋಡಕೂಡದು ಎಂದು ಅಪ್ಪಣೆಯಾಗಿತ್ತು.

"ಕಾಣಿಸದೆ ಇರೋದನ್ನ ಇದೆ ಅಂತ ನಂಬೋಕೆ ಇದೇನು ಪವಿತ್ರಾತ್ಮವಾ? ಹಳೇದರಲ್ಲಿ ಒಂದು ಅಕ್ಷರಕ್ಕೆ ಒಂದು ನಕ್ಷತ್ರ ಬೀಳ್ತಿತ್ತು. ಲೆಕ್ಕ ಸಿಗ್ತಿತ್ತು."

"ಎಷ್ಟು ಅಕ್ಷರ ಅನ್ನೋದೂ ಬೇರೆಯವರಿಗೆ ತಿಳೀಬಾರದು ಅಂತ ಹೀಗೆ ಮಾಡಿದಾರೆ."

"ಬೇರೆಯವರಾ? ಈ ಮನೇಲಿ ಬೇರೆಯವರು ಅಂತ ಇದ್ರೆ ನೀನೊಬ್ನೇ!"

ಗೋಡೆಯ ಮೇಲಿನ ಹಲ್ಲಿ ಸಿಬಿಯನ್ನು ಕನಿಕರದಿಂದ ನೋಡಿತು. ಅಡಿಗೆಮನೆಯ ಬಾಗಿಲಲ್ಲಿ ಅತ್ತೆ ಏಲಿಕುಟ್ಟಿಯೂ ಬೆನ್ನು ತಿರುಗಿಸಿ ನಿಂತಿದ್ದರು, ಕೈಯಲ್ಲಿ ಹುರಿಯುವ ಸೌಟು. "ತಿರುಗಬಹುದಾ? ಮಾಂಸ ತಳ ಹಿಡೀತಿದೆ," ಎಂದು ಕೇಳಿದರು.

"ತಡಿ! ಇನ್ನೊಂದು ಸಲ ಒತ್ತಬೇಕು. ತಪ್ಪು ಅಂತಿದೆ ಈ ಕತ್ತೆ."

ಸಿಬಿ ಮಾಡಿದ ತಪ್ಪು ಇಷ್ಟೇ: ಹೋದ ವಾರ ಬಾಯಿ ತೆರೆದದ್ದು. ಮಾವನ ಲ್ಯಾಪ್‌ಟಾಪ್ ವೈರಸ್ ಹತ್ತಿ, ಗುಡ್ಡ ಹತ್ತುವ ಮುದಿ ಲಾರಿಯಂತೆ ಏದುಸಿರು ಬಿಡುತ್ತಿತ್ತು. ಗುಂಡಿ ಒತ್ತಿ, ರಬ್ಬರ್ ಮರದ ಎರಡು ಸಾಲು ಹಾಲಿಗಾಗಿ ಗೀರಿ ಬಂದರೂ ಪರದೆಯಲ್ಲಿ ಚಕ್ರ ತಿರುಗುತ್ತಲೇ ಇರುತ್ತಿತ್ತು. ಸಿಬಿ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಅಲ್ಲಿ ಒಂಬತ್ತನೆಯ ತರಗತಿಯ ಪೋರರೂ ಲಿನಕ್ಸ್ ಎಂಬ ಪುಕ್ಕಟೆ ಸಿಸ್ಟಮ್ಮಿನಲ್ಲೇ ಆಟವಾಡುತ್ತಾರೆ. ಆ ಭಂಡಧೈರ್ಯದಲ್ಲಿ ಅವನು, "ಚಾಚ್ಚ, ಹಳೇದನ್ನ ಕಿತ್ತು ಲಿನಕ್ಸ್ ಹಾಕಿಬಿಟ್ರೆ ಇದು ಹಾರುತ್ತೆ" ಎಂದುಬಿಟ್ಟಿದ್ದ. ನಿನ್ನೆ ಮಧ್ಯಾಹ್ನ ಹಾಕಿಯೂ ಬಿಟ್ಟಿದ್ದ. ಅದು ನಿಜಕ್ಕೂ ಹಾರಿತು. ಎಲ್ಲಿ ಕೂರಬೇಕೆಂಬುದು ಮಾತ್ರ ಮನೆಯವರಿಗೆ ಗೊತ್ತಾಗಲಿಲ್ಲ.

ಇದೆಲ್ಲ ಬೇರೆ ದಿನವಾಗಿದ್ದರೆ ನಗುವ ವಿಷಯ. ಈವತ್ತು ಭಾನುವಾರ, ರಬ್ಬರ್ ಬೆಳೆಗಾರರ ಸಂಘದ ಚುನಾವಣೆ. ಅಧ್ಯಕ್ಷಗಿರಿಗೆ ವಟ್ಟಪ್ಪಾರ ಮನೆಯ ಅಗಸ್ತಿಯವರು ನಿಂತಿದ್ದರು. ಎದುರಾಳಿ ತೊಮ್ಮಿಕುಂಞಿ. ಹೋದ ಸಲವೂ ಗೆದ್ದವನು ಅವನೇ, ಅದರ ಹಿಂದಿನ ಸಲವೂ ಅವನೇ. ಈ ಸಲ ಒಂದು ಭಾಷಣದಿಂದ ಅವನನ್ನು ಮಣ್ಣು ಮುಕ್ಕಿಸುವುದೆಂದು ಅಗಸ್ತಿಯವರು ಹಟ ತೊಟ್ಟು, ಒಂದೇ ಬೆರಳಲ್ಲಿ ದಿನಕ್ಕೆ ನಾಲ್ಕು ಸಾಲಿನಂತೆ ಕುಟ್ಟಿ ಭಾಷಣ ತಯಾರು ಮಾಡಿದ್ದರು. ಅದರ ಮೊದಲರ್ಧ ತೊಮ್ಮಿಕುಂಞಿಗೆ ಬೈಗುಳ. ಉಳಿದರ್ಧ ಕೆಂಪು ಬಾವುಟದವರಿಗೆ. ಮೂರು ಗಂಟೆಗೆ ಸಭೆ. ಅಷ್ಟರಲ್ಲಿ ಅದು ಕಾಗದದ ಮೇಲೆ ಇಳಿಯಬೇಕಿತ್ತು. ಪ್ರಿಂಟರಿಗೋ ಈ ಹೊಸ ಸಂಸಾರದ ಪರಿಚಯವೇ ಇರಲಿಲ್ಲ.

ಸಿಬಿಗೆ ಅಧ್ಯಕ್ಷಗಿರಿ ಯಾರಿಗೆ ಹೋದರೂ ಒಂದೇ. ಅವನ ಕಣ್ಣಿದ್ದದ್ದು ಒಂದು ಕೀಲಿಯ ಮೇಲೆ. ಗುಡ್ಡದ ಕೆಳಗೆ, ಬಸ್ ನಿಲ್ಲುವ ಕೂಡುರಸ್ತೆಯ ಹತ್ತಿರ, ಮಾವನ ಸಣ್ಣ ಮನೆಯೊಂದು ಖಾಲಿ ಬಿದ್ದಿತ್ತು. ಎರಡು ಕೋಣೆ, ಒಂದು ಪೇರಲೆ ಮರ. ಆ ಮನೆಯ ದೊಡ್ಡ ಗುಣವೆಂದರೆ, ಇಲ್ಲಿಂದ ಕೂಗಿದರೆ ಅಲ್ಲಿಗೆ ಕೇಳಿಸದು. ಮದುವೆಯಾದಾಗಿನಿಂದ ಹೆಂಡತಿಯ ಮನೆಯಲ್ಲಿ ಉಳಿದು, ಊರವರ ಬಾಯಲ್ಲಿ 'ಮನೆಅಳಿಯ' ಎನಿಸಿಕೊಂಡು, ದಿನಕ್ಕೆ ನೂರು ಸಲ "ಸಿಬೀ!" ಎಂಬ ಕೂಗಿಗೆ ಓಡಿ ಓಡಿ ಅವನ ಮೊಣಕಾಲು ಸವೆದಿತ್ತು. ಹೆಂಡತಿ ನಿಮ್ಮಿ ಅಪ್ಪನ ಮುಂದೆ ಅತ್ತು ಕರೆದು ಒಂದು ಮಾತು ಪಡೆದಿದ್ದಳು: "ನಾನು ಗೆದ್ರೆ ಅವತ್ತೇ ಕೀಲಿ ಕೊಡ್ತೀನಿ. ಸೋತ್ರೆ ಆ ವಿಷಯ ಎತ್ತಬೇಡಿ."

ಹಾಗಾಗಿ ಅಗಸ್ತಿಯವರ ಗೆಲುವಿಗಾಗಿ ಊರಲ್ಲಿ ಎಲ್ಲರಿಗಿಂತ ಹೆಚ್ಚು ಮೇಣದಬತ್ತಿ ಹಚ್ಚಿದವನು ಸಿಬಿ.

"ಆಯ್ತು! ಒಳಗೆ ಬಿಡ್ತು!" ಎಂದರು ಅಗಸ್ತಿಯವರು. ಸಿಬಿ ತಿರುಗಿ ಕೂತು ಎರಡು ಸಾಲು ಹೊಡೆದ. ಅದು ಮತ್ತೆ ಪಾಸ್‌ವರ್ಡ್ ಕೇಳಿತು.

"ಮತ್ತೆಯಾ? ಈಗ ತಾನೇ ಹೇಳಿದ್ನಲ್ಲ!"

"ಇದು ಬೇರೆ ಕೆಲಸಕ್ಕೆ, ಚಾಚ್ಚ."

"ನನ್ನ ಮನೆ, ನನ್ನ ಮೇಜು, ನನ್ನ ಕರೆಂಟು. ಹೆಜ್ಜೆಹೆಜ್ಜೆಗೂ ನನ್ನನ್ನೇ ಯಾರು ನೀನು ಅಂತ ಕೇಳುತ್ತಲ್ಲ ಇದು! ತಿರುಗ್ರೋ ಎಲ್ರೂ ಗೋಡೆ ಕಡೆ."

ಎಲ್ಲರೂ ತಿರುಗಿದರು. ಏಲಿಕುಟ್ಟಿ ಗೋಡೆಗೇ ಹೇಳಿದರು: "ಅಳಿಯಂದ್ರೇ, ನಿಮ್ಮ ಲಿನಕ್ಸೋ ಗಿನಕ್ಸೋ ಇರ್ಲಿ, ನನ್ನ ಇಸ್ಪೀಟು ಎಲ್ಲಿ ಹೋಯ್ತು?"

"ಹೊಸ ಇಸ್ಪೀಟು ಹಾಕಿದೀನಲ್ಲ ಅಮ್ಮಚ್ಚಿ."

"ಆ ರಾಣಿ ಮುಖ ಇದರಲ್ಲಿಲ್ಲ. ಗೆದ್ರೆ ಎಲೆಗಳು ಕುಣೀತಾ ಕೆಳಗೆ ಬೀಳ್ತಿದ್ವು, ಇದರಲ್ಲಿ ಬೀಳಲ್ಲ. ಬೀಳದೆ ಇದ್ರೆ ಗೆದ್ದಿದೀನಿ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

ಸಿಬಿ ಹಲ್ಲಿಯ ಕಡೆ ನೋಡಿದ. ಅದು ಬಾಲ ಅಲ್ಲಾಡಿಸಿ ಫೋಟೋದ ಚೌಕಟ್ಟಿನ ಹಿಂದೆ ಹೊರಟುಹೋಯಿತು.

ಅಷ್ಟರಲ್ಲಿ ಕಿಟಕಿಯ ಹೊರಗೆ ಒಂದು ಬಿದಿರ ಏಣಿ ಕಾಣಿಸಿಕೊಂಡಿತು. ಅದರ ಹಿಂದೆಯೇ ಸಹದೇವನ್. ಪಕ್ಕದ ತೋಟದವನು, ಸಣ್ಣ ಬೆಳೆಗಾರ, ಕೆಂಪು ಪಾರ್ಟಿಯ ಸ್ಥಳೀಯ ಕಾಮ್ರೇಡ್. ಮೆಣಸು ಬಿಡಿಸಲು ಒಯ್ದ ಏಣಿ ವಾಪಸ್ಸು ಕೊಡಲು ಬಂದಿದ್ದ. ಅವನೂ ಅಗಸ್ತಿಯವರೂ ಬೇಲಿಯ ಎರಡು ಬದಿಗೆ ನಿಂತು ವರ್ಷಗಟ್ಟಲೆ ಪರಸ್ಪರ ಬೈದುಕೊಂಡವರು. ಏಣಿ, ಗರಗಸ, ಉಪ್ಪಿನಕಾಯಿ ಮಾತ್ರ ಆ ಜಗಳಕ್ಕೆ ಹೊರತಾಗಿದ್ದವು.

ಅಗಸ್ತಿಯವರು ಸಿಟ್ಟಿಗೆದ್ದು ಮುಖ ತೊಳೆಯಲು ಹೋಗಿದ್ದರು. ಸಹದೇವನ್ ಕಿಟಕಿಯ ಸರಳಿಗೆ ಮೂಗು ತಾಗಿಸಿ ನಿಂತ.

"ಇದೇನ್ ಮೇಷ್ಟ್ರೇ, ಅಗಸ್ತಿಚ್ಚನ ಕಂಪ್ಯೂಟರು ಕೆಂಪಾಗಿದೆ?"

"ಕೆಂಪಲ್ಲ, ಕಿತ್ತಳೆ. ಹೊಸ ಸಿಸ್ಟಮ್ ಹಾಕಿದೀನಿ."

"ಯಾವ ಕಂಪನೀದು?"

ಬೆಳಿಗ್ಗೆಯಿಂದ ಸಿಬಿಯನ್ನು ಯಾರೂ ಮೆತ್ತಗೆ ಒಂದು ಪ್ರಶ್ನೆ ಕೇಳಿರಲಿಲ್ಲ. ಅವನೊಳಗಿನ ಮೇಷ್ಟ್ರು ಎದ್ದು ಕೂತ.

"ಅದೇ ಇದರ ವಿಶೇಷ. ಕಂಪನಿ ಇಲ್ಲ. ಒಡೆಯ ಅಂತ ಯಾರೂ ಇಲ್ಲ."

"ಒಡೆಯ ಇಲ್ಲ?" ಸಹದೇವನ್ ಏಣಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿದ. "ಮತ್ತೆ ಮಾಡಿದ್ದು ಯಾರು?"

"ಜಗತ್ತಿನ ಮೂಲೆಮೂಲೆಯ ಜನ. ಕೈಲಾದವರು ಕೆಲಸ ಮಾಡ್ತಾರೆ, ಬೇಕಾದವರು ಬಳಸ್ತಾರೆ. ಇದು ಎಲ್ಲರದ್ದು. ಬಚ್ಚಿಡೋ ಹಾಗಿಲ್ಲ, ನಂದು ಅಂತ ಬೇಲಿ ಹಾಕೋ ಹಾಗಿಲ್ಲ. ನೀವು ಬೇಕಾದ್ರೆ ಒಳಗಿರೋದನ್ನ ಬಿಚ್ಚಿ ನೋಡಿ, ತಿದ್ದಿ, ಪಕ್ಕದವನಿಗೂ ಕೊಡಿ."

ಸಹದೇವನ್ ಸರಳುಗಳ ನಡುವೆ ಮೂಗನ್ನು ಇನ್ನಷ್ಟು ತೂರಿಸಿದ. "ಇದು... ಅಗಸ್ತಿಚ್ಚನ ಮನೇಲಿ," ಎಂದ. "ಊಟದ ಮೇಜಿನ ಮೇಲೆ."

"ನಿನ್ನೆಯಿಂದ."

"ಒಂದೇ ಒಂದು ಸಲ ಆ ಬೇಲಿ ವಿಷಯ ಇನ್ನೊಮ್ಮೆ ಹೇಳಿ ಮೇಷ್ಟ್ರೇ."

ಸಿಬಿ ಹೇಳಿದ. ಆಗ ಅಗಸ್ತಿಯವರು ಟವೆಲಿನಿಂದ ಕಿವಿ ಉಜ್ಜಿಕೊಳ್ಳುತ್ತ ಒಳಗೆ ಬಂದರು. ಸಹದೇವನ್ ಏಣಿಯನ್ನು ಅಂಗಳಕ್ಕೆ ಎಸೆದು ಕಿಟಕಿಯೊಳಗೆ ಕೈ ತೂರಿಸಿ ಅವರ ಒದ್ದೆ ಕೈ ಹಿಡಿದುಕೊಂಡ. "ಅಗಸ್ತಿಚ್ಚಾ! ಇಷ್ಟು ವರ್ಷ ನಮ್ಮನ್ನ ಬಾಯಿಗೆ ಬಂದಂಗೆ ಬೈದ್ರಿ. ಒಳಗಿನ ಮನುಷ್ಯ ಇಂಥೋನು ಅಂತ ಗೊತ್ತಿರ್ಲಿಲ್ಲ!" ಎಂದು ಕಣ್ಣೊರೆಸಿಕೊಂಡು ದಾಪುಗಾಲಲ್ಲಿ ಹೊರಟುಹೋದ.

"ಇವನಿಗೇನಾಯ್ತು?" ಎಂದರು ಅಗಸ್ತಿಯವರು. "ಏಣಿ ಮುರಿದಿರ್ಬೇಕು. ನೋಡು ಹೋಗಿ."

ಏಣಿ ಮುರಿದಿರಲಿಲ್ಲ. ಮುರಿದದ್ದು ಏನೆಂದು ಗೊತ್ತಾಗಲು ಚರ್ಚಿನಲ್ಲಿ ಎರಡನೆಯ ಪೂಜೆ ಬಿಡಬೇಕಾಯಿತು. ಅಗಸ್ತಿಯವರ ಅಣ್ಣ ಪಾಪ್ಪಚ್ಚನ್ ಸ್ಕೂಟರನ್ನು ಜಗುಲಿಯವರೆಗೂ ಓಡಿಸಿಕೊಂಡು ಬಂದು, ಇಳಿಯುವ ಮೊದಲೇ ಕೂಗಿದರು. ಚುನಾವಣೆಯಲ್ಲಿ ತಮ್ಮನ ಕಡೆಯ ಓಟು ಕೂಡಿಸುವ ಹೊಣೆ ಇವರದೇ.

"ಅಗಸ್ತೀ! ನೀನು ಪಾರ್ಟಿ ಸೇರಿದ್ಯಂತೆ!"

"ಯಾವ ಪಾರ್ಟಿ?"

"ಕೆಂಪು ಪಾರ್ಟಿ! ಪಾರ್ಟಿ ಆಫೀಸಿಂದ ನಿನಗೆ ಒಂದು ಕಂಪ್ಯೂಟರ್ ಕೊಟ್ಟಿದಾರಂತೆ, ಒಡೆಯ ಇಲ್ಲದ್ದು. ಸಹದೇವನ್ ಚಾದಂಗಡೀಲಿ ಬೆಂಚ್ ಹತ್ತಿ ನಿಂತು ಹೇಳ್ತಿದಾನೆ. ತೊಮ್ಮಿಕುಂಞಿ ಪೂಜೆಯಲ್ಲೇ ನಗ್ತಿದ್ದ. ಪ್ರಸಾದ ತಗೊಳ್ಳೋವಾಗ್ಲೂ ಬಾಯಿ ಮುಚ್ಚಿರ್ಲಿಲ್ಲ!"

ಅಗಸ್ತಿಯವರು ನಿಧಾನವಾಗಿ ಅಳಿಯನ ಕಡೆ ತಿರುಗಿದರು. ಮೂರನೆಯ ಸಲ ಗೀರಿದ ರಬ್ಬರ್ ಮರದಂತೆ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ಇದಕ್ಕೆ ಒಡೆಯ ಇಲ್ವಾ?"

"ಅಂದ್ರೆ, ಹಾಗಲ್ಲ ಚಾಚ್ಚ..."

"ಇದೆಯಾ, ಇಲ್ವಾ?"

"ಇಲ್ಲ."

"ಒಡೆಯ ಇಲ್ಲದ್ದು ಅಂದ್ರೆ ಒಂದೋ ಸರ್ಕಾರಿ ಪೊರಂಬೋಕು ಜಾಗ, ಇಲ್ಲಾ ಕದ್ದ ಮಾಲು. ನಮ್ಮಪ್ಪ ಕಾಡು ಕಡಿದು, ಹಾವಿನ ಜೊತೆ ಹೊಡೆದಾಡಿ, ಅಂಗುಲ ಅಂಗುಲಕ್ಕೂ ಕಲ್ಲು ನೆಟ್ಟು ಮಾಡಿದ ಆಸ್ತಿ ಇದು. ಇದರ ಮಧ್ಯಕ್ಕೆ ನೀನು ಪಾರ್ಟಿ ಆಫೀಸು ತೆರೆದ್ಯಾ?"

"ಚಾಚ್ಚ, ಇದು ಬರೀ ಕಂಪ್ಯೂಟರ್ ನಡೆಸೋ..."

"ಕೀಳು ಅದನ್ನ! ಈಗ್ಲೇ!"

"ಕೀಳಬಹುದು. ಆದ್ರೆ ಹಳೇದು ಹಾಕೋಕೆ ಸಂಜೆ ಆಗುತ್ತೆ. ಭಾಷಣ ಒಳಗಿದೆ."

"ಪೆನ್‌ಡ್ರೈವಲ್ಲಿ ಹಾಕಿ ಅಂಗಡೀಲಿ ಪ್ರಿಂಟ್ ಮಾಡಿಸಿದ್ರೆ?" ಎಂದಳು ನಿಮ್ಮಿ. ಬೆಳಿಗ್ಗೆಯಿಂದ ಆ ಮನೆಯಲ್ಲಿ ಯಾರಾದರೂ ಆಡಿದ ಮೊದಲ ಬುದ್ಧಿವಂತಿಕೆಯ ಮಾತು. ಆದರೆ ಭಾನುವಾರ ಆ ಗುಡ್ಡದಲ್ಲಿ ತೆರೆದಿರುವುದು ಚರ್ಚು, ಚಾದಂಗಡಿ, ಮೀನಿನವನ ಬಾಯಿ ಮಾತ್ರ.

"ಲ್ಯಾಪ್‌ಟಾಪನ್ನೇ ಸಭೆಗೆ ಒಯ್ದು ನೋಡ್ಕೊಂಡು ಓದಿ," ಎಂದ ಸಿಬಿ.

"ಹೌದೌದು. ಬಾವುಟಾನೂ ಕೊಡು, ಹಿಡ್ಕೊಂಡು ಹೋಗ್ತೀನಿ," ಎಂದರು ಅಗಸ್ತಿಯವರು.

ಕೊನೆಗೆ ಪಾಪ್ಪಚ್ಚನ್ ರಾಜಿ ಮಾಡಿಸಿದರು. ಪ್ರಿಂಟ್ ಆಗುವ ತನಕ ಅದು ಇರಲಿ. ಯಾರಾದರೂ ಇಣುಕಿ ನೋಡಿದರೆ ಸಂಶಯ ಬಾರದಂತೆ ಕೆಂಪು ತೆಗೆಯಲಿ. ಸಿಬಿ ಪರದೆಯ ಹಿನ್ನೆಲೆಯನ್ನು ಹಸಿರು ಮಾಡಿದ. "ಹಸಿರು ಬೇಡ, ಅದು ಇನ್ನೊಂದು ಪಾರ್ಟಿ," ಎಂದರು ಪಾಪ್ಪಚ್ಚನ್. ನೀಲಿ ಮಾಡಿದ. "ಮಂಕಾಗಿದೆ, ಸಾವಿನ ಮನೆ ಥರ," ಎಂದರು ಏಲಿಕುಟ್ಟಿ. ಹಾಗಾಗಿ ಮಾವನ ಅಪ್ಪನ ಫೋಟೋವನ್ನು ಮೊಬೈಲಲ್ಲಿ ತೆಗೆದು ಪರದೆಗೆ ಹಾಕಿದ್ದಾಯಿತು. ಹಾವಿನ ಜೊತೆ ಹೊಡೆದಾಡಿದ ಮುದುಕ ಪರದೆ ತುಂಬ ಮೀಸೆ ಹರಡಿ ಕೂತು, ಹಣೆಯ ಮೇಲೆ ಕಡತಗಳ ಚಿತ್ರಗಳನ್ನು ಹೊತ್ತು, ಸಿಬಿಯನ್ನೇ ಗುರಾಯಿಸತೊಡಗಿದ.

ಆ ಗುರಾಯಿಸುವಿಕೆಯ ಕೆಳಗೆ ಸಿಬಿ ಮೊಬೈಲಿನ ಹನಿಹನಿ ಇಂಟರ್ನೆಟ್ಟಿನಿಂದ ಪ್ರಿಂಟರಿಗೆ ಬೇಕಾದ ತಂತ್ರಾಂಶ ಇಳಿಸಿಕೊಂಡ. ಸಿಗ್ನಲ್ ಸಿಗುತ್ತಿದ್ದದ್ದು ಬಾವಿಕಟ್ಟೆಯ ಮೇಲೆ ಮಾತ್ರ, ಹಾಗಾಗಿ ನಿಮ್ಮಿ ಮೊಬೈಲ್ ಎತ್ತಿ ಹಿಡಿದು ಅಲ್ಲಿ ಮೇಣದಬತ್ತಿ ಹಿಡಿದ ಪ್ರತಿಮೆಯಂತೆ ನಿಂತಳು. ಸಿಬಿ ಲ್ಯಾಪ್‌ಟಾಪ್ ಹೊತ್ತು ಬಾವಿಗೂ ಮೇಜಿಗೂ ಓಡಾಡಿದ. ಪ್ರತಿ ಓಟಕ್ಕೂ ಪಾಸ್‌ವರ್ಡ್ ಬೇಕಾಯಿತು. ಪ್ರತಿ ಪಾಸ್‌ವರ್ಡಿಗೂ ಮನೆಮಂದಿಯೆಲ್ಲ ಬೆನ್ನು ತಿರುಗಿಸಿದರು. ದಾರಿಯಲ್ಲಿ ಹೋಗುತ್ತಿದ್ದ ಮೀನಿನವನು ಈ ಮನೆಯಲ್ಲಿ ಹೊಸದೇನೋ ಪ್ರಾರ್ಥನೆ ಶುರುವಾಗಿದೆಯೆಂದು ತಿಳಿದು ಟೊಪ್ಪಿ ತೆಗೆದು ಕೈ ಮುಗಿದು ಹೋದ.

ಊಟದ ಹೊತ್ತಿಗೆ ಪ್ರಿಂಟರಿನ ಹಸಿರು ದೀಪ ಹೊತ್ತಿತು. ಸಿಬಿ ಒಂದು ಪರೀಕ್ಷೆಯ ಹಾಳೆ ಕಳಿಸಿದ. ಅದು ಕೆಮ್ಮಿ, ತಡೆದು, ಹೊರಗೆ ಬಂತು. ಅವನಿಗೆ ಕೂಡುರಸ್ತೆಯ ಪೇರಲೆ ಮರ ಕಣ್ಣಮುಂದೆ ಬಂತು. ಎಲೆ ಎಲೆಯೂ ಕಂಡಿತು.

"ಚಾಚ್ಚ, ಬನ್ನಿ, ನೀವೇ ಮಾಡಿ," ಎಂದ. ಅದು ಅವನ ಎರಡನೆಯ ತಪ್ಪು. ಆದರೆ ಮೇಷ್ಟ್ರಿಗೆ ಕಲಿಸುವ ಚಟ. "ಮೊದಲು ಎಲ್ಲಾನೂ ಹೀಗೆ ನೀಲಿ ಮಾಡಿ. ಆಮೇಲೆ ಈ ಪ್ರಿಂಟರಿನ ಚಿತ್ರ ಒತ್ತಿ. ಅಷ್ಟೇ." ಎಲ್ಲವನ್ನೂ ನೀಲಿ ಮಾಡುವ ಅಗತ್ಯವೇನೂ ಇರಲಿಲ್ಲ. ಹಳೆಯದರಲ್ಲಿ ಮಾವ ಹಾಗೇ ಮಾಡುತ್ತಿದ್ದರು, ಅಭ್ಯಾಸ ತಪ್ಪಿಸುವುದು ಬೇಡವೆಂದುಕೊಂಡ.

ಅಗಸ್ತಿಯವರು ಬೆರಳು ನೀವಿಕೊಂಡು ಭಾಷಣವಿಡೀ ನೀಲಿ ಮಾಡಿದರು. ಆ ಕ್ಷಣಕ್ಕೆ ಸರಿಯಾಗಿ ಏಲಿಕುಟ್ಟಿ ಬಾಗಿಲಿಂದ, "ಪಾದ್ರಿಗಳು ಬಂದ್ರು!" ಎಂದರು.

ಪಾದ್ರಿಗಳಿಗೆ ಆ ಭಾನುವಾರದ ಊಟ ವಟ್ಟಪ್ಪಾರ ಮನೆಯಲ್ಲಿ. ತೆಂಗಿನ ಚೂರು ಹಾಕಿ ಹುರಿದ ಮಾಂಸದ ವಾಸನೆ ಅವರನ್ನು ಅರ್ಧ ಗುಡ್ಡ ಎಳೆದು ತಂದಿತ್ತು. ಸುದ್ದಿಯೂ ಅವರನ್ನು ತಲುಪಿತ್ತು. ನಗುತ್ತಲೇ ಕೇಳಿದರು: "ಎಲ್ಲಿ, ಆ ಕಾಮ್ರೇಡ್ ಕಂಪ್ಯೂಟರ್?"

ಏಲಿಕುಟ್ಟಿಯ ಕಣ್ಣಲ್ಲಿ ನೀರು ಬಂತು. "ನೀವೇ ಒಂದು ಮಂತ್ರಿಸಿಬಿಡಿ ಅಚ್ಚಾ. ಹೊಸ ಜೀಪಿಗೆ ಮಾಡಿದ್ರಲ್ಲ, ಹಂಗೆ. ಆಮೇಲೆ ಯಾರೂ ಏನೂ ಅನ್ನೋ ಹಂಗಿಲ್ಲ."

"ಒಳ್ಳೇ ಯೋಚನೆ!" ಎಂದರು ಪಾಪ್ಪಚ್ಚನ್. "ಸಭೇಲಿ ನಾನೇ ಹೇಳ್ತೀನಿ, ಮಂತ್ರಿಸಿದ ಕಂಪ್ಯೂಟರ್ ಅಂತ."

"ಅಚ್ಚಾ, ನೀರು ಬೇಡ," ಎಂದ ಸಿಬಿ. "ಬರೀ ಪ್ರಾರ್ಥನೆ ಸಾಕು."

"ನೀರಿಲ್ಲದೆ ಹೆಂಗೆ? ನೀವು ಸುಮ್ನಿರಿ ಅಳಿಯಂದ್ರೇ!" ಎಂದು ಏಲಿಕುಟ್ಟಿ ದೇವರ ಗೂಡಿನಿಂದ ಬಾಟಲಿ ತಂದೇಬಿಟ್ಟರು.

ಪಾದ್ರಿಗಳು ಉದಾರಿಗಳು. ರಬ್ಬರ್ ತೋಟಕ್ಕೂ ಮಗುವಿನ ಹಣೆಗೂ ಒಂದೇ ಅಳತೆಯಲ್ಲಿ ನೀರು ಹಾಕುವವರು. ಕಣ್ಣು ಮುಚ್ಚಿ, ಸಣ್ಣ ದನಿಯಲ್ಲಿ ಪ್ರಾರ್ಥಿಸಿ, ಕೈ ಬೀಸಿ ಚಿಮುಕಿಸಿದರು. ಮೊದಲನೆಯದು ಪರದೆಯಲ್ಲಿ ಭಾಷಣದ ಬದಿಯಿಂದ ಇಣುಕುತ್ತಿದ್ದ ಮುದುಕನ ಮೀಸೆಗೆ. ಎರಡನೆಯದು ಅಗಸ್ತಿಯವರ ಕನ್ನಡಕಕ್ಕೆ. ಮೂರನೆಯದು ಕೀಲಿಮಣೆಯ ನಟ್ಟನಡುವೆ.

ಲ್ಯಾಪ್‌ಟಾಪ್ ಒಂದು ಸಲ 'ಟುಕ್' ಎಂದಿತು. ನೀಲಿಯಾಗಿದ್ದ ಭಾಷಣ, ತೊಮ್ಮಿಕುಂಞಿಯ ಅರ್ಧವೂ ಕೆಂಪು ಬಾವುಟದ ಅರ್ಧವೂ, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗಿ ಆ ಜಾಗದಲ್ಲಿ ಒಂದು 'ಕ' ಬಂತು. ಅದರ ಪಕ್ಕ ಇನ್ನೊಂದು. ಆಮೇಲೆ ಕಾಗೆಗಳ ಹಿಂಡು ಇಳಿದಂತೆ ಕಕಕಕಕಕ ಎಂದು ಸಾಲಿನ ಮೇಲೆ ಸಾಲು, ಪುಟದ ಕೆಳಗೆ ಪುಟ ತುಂಬತೊಡಗಿತು.

"ಒತ್ತಬೇಡಿ! ಏನೂ ಒತ್ತಬೇಡಿ!" ಎಂದು ಸಿಬಿ ಕಿರುಚಿದ.

ಅಗಸ್ತಿಯವರಿಗೆ ಆ ದಿನ ಬೆಳಿಗ್ಗೆಯಿಂದ ಕಲಿತದ್ದು ಒಂದೇ ವಿದ್ಯೆ. ಗಾಬರಿಯಲ್ಲಿ ಕನ್ನಡಕದ ನೀರಿನ ಹಿಂದಿನಿಂದ ಪ್ರಿಂಟರಿನ ಚಿತ್ರ ಹುಡುಕಿ ಒತ್ತಿದರು. ಒಂದೇ ಸಲಕ್ಕೆ, ತಪ್ಪಿಲ್ಲದೆ.

ಬೆಳಿಗ್ಗೆಯಿಂದ ಮುನಿಸಿಕೊಂಡಿದ್ದ ಪ್ರಿಂಟರ್ ಹೊಸ ಮದುಮಗಳಂತೆ ಚುರುಕಾಯಿತು. ಒಂದು ಹಾಳೆ ಕ. ಎರಡನೆಯ ಹಾಳೆ ಕ. ಪಾಪ್ಪಚ್ಚನ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಬೈಗುಳ ಶುರುವಾಗೋದು ಎಲ್ಲಿಂದ?" ಎಂದು ಕೇಳಿದರು. ಹಾಳೆಗಳು ಮೇಜಿನಿಂದ ಜಾರಿ ಪಾದ್ರಿಗಳ ಕಾಲ ಬುಡಕ್ಕೆ, ಅಲ್ಲಿಂದ ಅಡಿಗೆಮನೆಯ ಹೊಸ್ತಿಲಿಗೆ ಹೋದವು. ಸಿಬಿ ಬಗ್ಗಿ ಏನೇನೋ ಒತ್ತಿದ. ತೆಗೆದುಹಾಕಿದ್ದನ್ನು ವಾಪಸ್ಸು ತರುವ ಗುಂಡಿ ಅವನಿಗೆ ಗೊತ್ತಿತ್ತು. ಅದನ್ನು ಒತ್ತಬೇಕೆನ್ನುವಷ್ಟರಲ್ಲಿ ಪರದೆ ಕಪ್ಪಾಯಿತು. ಮುದುಕನೂ ಹೋದ.

"ಆಮೆನ್," ಎಂದರು ಪಾದ್ರಿಗಳು, ಬೇರೇನು ಹೇಳಬೇಕೆಂದು ತೋಚದೆ. ಆಮೇಲೆ ಸಿಬಿಯ ಕಿವಿಯ ಹತ್ತಿರ ಬಾಗಿ, "ಅದರಲ್ಲಿ ಇಸ್ಪೀಟು ಇತ್ತಾ ಮೇಷ್ಟ್ರೇ?" ಎಂದು ಮೆಲ್ಲಗೆ ಕೇಳಿದರು.

ಏಲಿಕುಟ್ಟಿ ಲ್ಯಾಪ್‌ಟಾಪನ್ನು ತಲೆಕೆಳಗಾಗಿ ಎತ್ತಿಕೊಂಡು ಹೋಗಿ ಹೊಗೆಗೂಡಿನಲ್ಲಿ ರಬ್ಬರ್ ಹಾಳೆಗಳ ನಡುವೆ ಒಣಗಲು ತೂಗುಹಾಕಿದರು. ಯಾರೂ ತಡೆಯಲಿಲ್ಲ.

ಊಟದಲ್ಲಿ ಪಾದ್ರಿಗಳ ಹೊರತು ಯಾರೂ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ. ಅಗಸ್ತಿಯವರು ಕೈ ತೊಳೆದು, ಗರಿಗರಿಯಾದ ಪಂಚೆ ಉಟ್ಟು, ಅಳಿಯನ ಮುಂದೆ ನಿಂತು ಒಂದೊಂದೇ ಮಾತು ಜೋಡಿಸಿ ಹೇಳಿದರು: "ನಾನು ಸೋಲ್ತೀನಿ. ಸೋತು ಬಂದ ಮೇಲೆ ನಿನ್ನ ಹತ್ರ ಮಾತಾಡ್ತೀನಿ."

ಬೆಳೆಗಾರರ ಸಂಘದ ಶೆಡ್ಡಿನಲ್ಲಿ ಜನ ಕಿಕ್ಕಿರಿದಿದ್ದರು. ಬೇರೆ ಸಲ ಚುನಾವಣೆಗೆ ಬಾರದ ಸಣ್ಣ ಬೆಳೆಗಾರರೂ ಈ ಸಲ ಸಹದೇವನ್‌ನ ಹಿಂದೆ ಎರಡು ಸಾಲು ಕೂತಿದ್ದರು. ಸಿಬಿ ಹಿಂದಿನ ಕಂಬಕ್ಕೆ ಒರಗಿ ನಿಂತ. ತೊಮ್ಮಿಕುಂಞಿ ಎದ್ದು ಮುಕ್ಕಾಲು ಗಂಟೆ ಮಾತಾಡಿದ. ಗೊಬ್ಬರ, ಸಬ್ಸಿಡಿ, ತನ್ನ ತ್ಯಾಗ ಎಲ್ಲ ಹೇಳಿ, ಕೊನೆಗೆ ಅಗಸ್ತಿಯವರ ಕಡೆ ನೋಡಿ, "ಕೆಲವರು ಹೊರಗೆ ಒಂದು, ಮನೆ ಒಳಗೆ ಇನ್ನೊಂದು. ಒಡೆಯ ಇಲ್ಲದ ಮಾಲು ತಂದು ಇಟ್ಕೊಂಡೋರ ಕೈಗೆ ನಮ್ಮ ಸಂಘ ಕೊಟ್ರೆ ನಾಳೆ ನಮ್ಮ ಮರಗಳಿಗೂ ಒಡೆಯ ಇರಲ್ಲ!" ಎಂದ. ಮುಂದಿನ ಸಾಲು ಘೊಳ್ಳೆಂದಿತು.

ಅಗಸ್ತಿಯವರು ಎದ್ದರು. ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದರು. ಅಲ್ಲಿದ್ದದ್ದು ಮಡಚಿದ ಒಂದು ಹಾಳೆ, ಬರೀ ಕ. ಪಾಪ್ಪಚ್ಚನ್ ಧೈರ್ಯಕ್ಕಿರಲೆಂದು ತುರುಕಿದ್ದರು. ಅದನ್ನು ನೋಡಿದರು. ಜನರನ್ನು ನೋಡಿದರು. ಹಿಂದೆ ಕಂಬಕ್ಕೆ ಅಂಟಿದ್ದ ಅಳಿಯನನ್ನು ನೋಡಿದರು.

"ನಾನು ಬಹಳ ಹೇಳ್ಬೇಕು ಅಂತಿದ್ದೆ," ಎಂದರು. "ಎಲ್ಲಾ ಅದರ ಒಳಗೆ ಇದೆ. ಹೊರಗೆ ಬರ್ಲಿಲ್ಲ."

ಕೂತುಬಿಟ್ಟರು.

ಸಿಬಿ ಕಣ್ಣು ಮುಚ್ಚಿದ. ಪೇರಲೆ ಮರದ ಎಲೆಗಳು ಒಂದೊಂದಾಗಿ ಉದುರಿದವು.

ಆಗ ಸಹದೇವನ್ ಎದ್ದು ನಿಂತ. "ಕೇಳಿದ್ರಲ್ಲ? ಭಾಷಣ ಮಾಡೋರು ಬೇಕಾದಷ್ಟು ಜನ. ನಾವೂ ಮಾಡ್ತೀವಿ. ಬಾಯಿ ಮುಚ್ಕೊಂಡು ತನ್ನ ಊಟದ ಮೇಜಿನ ಮೇಲೆ ಮಾಡಿ ತೋರಿಸಿದೋರು ಒಬ್ರೇ. ಅಗಸ್ತಿಚ್ಚ ಈವತ್ತು ನಮ್ಮನ್ನ ಒಂದು ಮಾತೂ ಬೈಲಿಲ್ಲ. ಅದೊಂದೇ ಸಾಕು ನಂಗೆ!"

ಹಿಂದಿನ ಎರಡು ಸಾಲು ಚಪ್ಪಾಳೆ ತಟ್ಟಿತು. ತೊಮ್ಮಿಕುಂಞಿಯ ಭಾಷಣದಲ್ಲಿ ತೂಕಡಿಸಿದ್ದ ಮಧ್ಯದ ಸಾಲಿನವರೂ, ಇನ್ನೊಂದು ಭಾಷಣ ತಪ್ಪಿದ ಖುಷಿಗೆ, ಸೇರಿಕೊಂಡರು. ಬಿಸ್ಕೆಟ್ ಡಬ್ಬಿಗೆ ಚೀಟಿಗಳು ಬಿದ್ದವು. ಬಿಚ್ಚಿ ಎಣಿಸಿದಾಗ ಅಗಸ್ತಿಯವರು ಗೆದ್ದಿದ್ದರು. ಅಲ್ಪಸ್ವಲ್ಪ ಅಲ್ಲ, ತೊಮ್ಮಿಕುಂಞಿ ಮತ್ತೊಮ್ಮೆ ಎಣಿಸಿ ಎಂದು ಕೇಳಲೂ ನಾಚುವಷ್ಟು.

ಯಾರೋ ಮಾಲೆ ಹಾಕಿದರು. ಇಬ್ಬರು ಕಾಮ್ರೇಡರು ಅಗಸ್ತಿಯವರನ್ನು ಎತ್ತಿದರು. ಹೆಗಲ ಮೇಲಿಂದ ಅವರು ಕೈಬೀಸಿ ಏನೋ ಘೋಷಿಸಿದರು, ಸದ್ದಿನಲ್ಲಿ ಕೇಳಿಸಲಿಲ್ಲ. ಕೇಳುವ ಅಗತ್ಯವೂ ಸಿಬಿಗಿರಲಿಲ್ಲ. ಅವನು ಅಡ್ಡದಾರಿ ಹಿಡಿದು ಮನೆಗೆ ಓಡಿ ನಿಮ್ಮಿಗೆ ಒಂದೇ ಮಾತು ಹೇಳಿದ: "ಕಟ್ಟು!"

ಅಗಸ್ತಿಯವರು ಮೆರವಣಿಗೆಯಲ್ಲಿ ಮನೆ ತಲುಪುವ ಹೊತ್ತಿಗೆ ಎರಡು ಪೆಟ್ಟಿಗೆ, ಒಂದು ಹಾಸಿಗೆ ಸುರುಳಿ ಜಗುಲಿಗೆ ಬಂದಿದ್ದವು. ಏಲಿಕುಟ್ಟಿ ಅಳುತ್ತ ಮಗಳಿಗೆ ಉಪ್ಪಿನಕಾಯಿ ಭರಣಿ ಕಟ್ಟಿಕೊಡುತ್ತಿದ್ದರು. ಅಗಸ್ತಿಯವರು ಕೊರಳ ಮಾಲೆ ತೆಗೆದು ಸೀದಾ ಹೊಗೆಗೂಡಿಗೆ ಹೋಗಿ, ಲ್ಯಾಪ್‌ಟಾಪನ್ನು ಇಳಿಸಿ, ಮಾಲೆಯನ್ನು ಅದಕ್ಕೇ ಹಾಕಿ ತಂದು ಮೇಜಿನ ಮೇಲಿಟ್ಟರು.

"ಏನು ಸಿಸ್ಟಮ್ಮು ಕಣೋ ಇದು!" ಎಂದರು. "ನಮ್ಮ ಸಿಸ್ಟಮ್ಮು! ಬಾರೋ ಇಲ್ಲಿ. ಅಗಸ್ತಿ ಒಂದು ಮಾತು ಕೊಟ್ರೆ ಕೊಟ್ಟಂಗೇ."

ಕಬ್ಬಿಣದ ಕಪಾಟಿನಿಂದ ಕೀಲಿ ತೆಗೆದರು. ತುಕ್ಕು ಹಿಡಿದ ಸಣ್ಣ ಕೀಲಿ. ಸಿಬಿಯ ಕಣ್ಣಿಗೆ ಅದು ಪೇತ್ರರ ಕೈಯಲ್ಲಿರುವ ಸ್ವರ್ಗದ ಬೀಗದ ಕೈಗಿಂತ ಮಿಗಿಲಾಗಿ ಹೊಳೆಯಿತು. ಅವನು ಕೈ ಚಾಚಿದ.

ಅಂಗಳದಲ್ಲಿ ಟೆಂಪೋ ನಿಂತ ಸದ್ದಾಯಿತು. ಸಹದೇವನ್ ಹಾರಿ ಇಳಿದ. ಹಿಂದೆ ಉದ್ದನೆಯ ಬೆಂಚುಗಳು, ಒಂದು ಕರಿಹಲಗೆ, ಯಾರ ಯಾರದ್ದೋ ಹಳೆಯ ಕಂಪ್ಯೂಟರುಗಳು, ಅವುಗಳ ಮೇಲೆ ಗೆದ್ದ ಉಮೇದಿನಲ್ಲಿ ಕೂತ ಬೆಳೆಗಾರರು.

"ಮೇಷ್ಟ್ರೇ, ಕರಿಹಲಗೆ ಯಾವ ಕೋಣೆಗೆ? ಮುಂದಿನದಕ್ಕಾ, ಹಿಂದಿನದಕ್ಕಾ?"

"ಯಾವ ಕೋಣೆ?" ಎಂದ ಸಿಬಿ.

"ಕೂಡುರಸ್ತೆ ಮನೇದು! ಅಗಸ್ತಿಚ್ಚ ಹೆಗಲ ಮೇಲೆ ಕೂತು ಹೇಳಿದ್ರಲ್ಲ. ಸಂಘದ ಸದಸ್ಯರಿಗೆಲ್ಲ ಒಡೆಯ ಇಲ್ಲದ ಕಂಪ್ಯೂಟರ್ ಕಲಿಸೋ ಶಾಲೆ ಅಂತ! ಶನಿವಾರ ಹೆಂಗಸರಿಗೆ, ಭಾನುವಾರ ಗಂಡಸರಿಗೆ. ನನ್ನ ಚಿಕ್ಕಪ್ಪಂಗೆ ಎಂಬತ್ತಾಯ್ತು, ಮುಂದಿನ ಬೆಂಚ್ ಬೇಕಂತೆ. ಕಿವಿ ಸ್ವಲ್ಪ ಮಂದ."

ಸಿಬಿ ಮಾವನ ಕಡೆ ತಿರುಗಿದ. "ಚಾಚ್ಚ, ಅಲ್ಲಿ ನಾವು..."

"ಅಲ್ಲಿ ಎಲ್ಲಿ ಇರ್ತೀರಿ? ಮುಂದಿನ ಕೋಣೇಲಿ ಬೆಂಚು, ಹಿಂದಿನದರಲ್ಲಿ ಪ್ರಿಂಟರು. ಇಲ್ಲೇ ಇರಿ. ಹೆಂಗೂ ಈ ಸಿಸ್ಟಮ್ ಹತ್ರ ನೀನೇ ಬೇಕಲ್ಲ." ಅಗಸ್ತಿಯವರು ಪ್ರೀತಿಯಿಂದ ಅಳಿಯನ ಬೆನ್ನು ತಟ್ಟಿದರು. "ಗುಡಿಸಿ ಇಡೋದೂ ನಿಂದೇ ಜವಾಬ್ದಾರಿ. ಪೇರಲೆ ಮರಾನ ಇವರು ನಾಳೆ ಕಡೀತಾರೆ, ಸೈಕಲ್ ನಿಲ್ಸೋಕೆ ಜಾಗ ಬೇಕಂತೆ."

ಜಗುಲಿಯಲ್ಲಿ ನಿಮ್ಮಿ ಹಾಸಿಗೆಯ ಹಗ್ಗ ಬಿಚ್ಚತೊಡಗಿದಳು. ಟೆಂಪೋದಲ್ಲಿದ್ದವರೆಲ್ಲ ಕತ್ತು ಚಾಚಿ ತಮ್ಮ ಮೇಷ್ಟ್ರನ್ನು ನೋಡಿದರು. ಅಗಸ್ತಿಯವರು ಎಲ್ಲರಿಗೂ ಕಾಣುವಂತೆ ಕೀಲಿಯನ್ನು ಎತ್ತಿ ಹಿಡಿದು ಸಿಬಿಯ ಮೂಗಿನ ಮುಂದೆ ತಂದರು.

"ತಗೋ. ಕೊಡ್ತೀನಿ ಅಂದಿದ್ದೆ, ಕೊಡ್ತಿದೀನಿ."

ಸಿಬಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಬೇಡ," ಎಂದ.